ಪೇಷೆಂಟ್ ಮೇಷ್ಟ್ರು

ಇವತ್ತು ಅವನಿಗೆ ಹೊಟ್ಟೆನೋವು. ನಿನ್ನೆ ಎದೆನೋವಿತ್ತು, ನಾಳೆ ಮೆಟ್ಟಿಲಿಂದ ಜಾರಿ ತೊಡೆಮೂಳೆ ಮುರಿದುಕೊಳ್ಳಬೇಕು. ಕಬ್ಬಿಣದ ಮಂಚದ ಮೇಲೆ ಮಂಡಿ ಮಡಚಿ ಮಲಗಿ, ಮುಂದಿನ ನರ್ಸು ಪರದೆ ಸರಿಸಿ ಒಳಗೆ ಬರುವುದನ್ನು ಕಾಯುತ್ತ ಅವನು ಮೇಲೆ ತಿರುಗುವ ಫ್ಯಾನನ್ನು ನೋಡುತ್ತಿದ್ದ. ಈ ಕೋಣೆಯಲ್ಲಿ ರೋಗಿ ಅಂತ ಯಾರೂ ಎಂದೂ ಮಲಗಿದವರಲ್ಲ. ಮಂಚ ನಿಜದ್ದು, ಸಲೈನ್ ಸ್ಟ್ಯಾಂಡು ನಿಜದ್ದು, ಬಾಟಲಿಯೊಳಗಿನದು ಮಾತ್ರ ನಲ್ಲಿ ನೀರು. ತಲೆದಿಂಬಿನ ಪಕ್ಕ ಒಂದು ರೆಕಾರ್ಡರು. ನರ್ಸು ಬಂದು ಇಂಗ್ಲಿಷಿನಲ್ಲಿ ಎಲ್ಲಿ ನೋವು, ಯಾವಾಗಿನಿಂದ, ಯಾವ ಥರದ್ದು ಎಂದು ವಿಚಾರಿಸಬೇಕು. ಇವನು ನರಳುತ್ತ ಉತ್ತರಿಸಬೇಕು. ಗಂಟೆ ಬಾರಿಸಿದ ಮೇಲೆ ಎದ್ದು ಕೂತು ಅಂಕ ಹಾಕಬೇಕು. ನರಳುವುದರಲ್ಲಿ ಅವನದು ಪಳಗಿದ ಕೈ. ಹುಡುಗಿಯರು ಬೆನ್ನ ಹಿಂದೆ ತನ್ನನ್ನು ಪೇಷೆಂಟ್ ಮೇಷ್ಟ್ರು ಅನ್ನುತ್ತಾರೆಂದು ಗೊತ್ತಾದಾಗ ಮೊದಮೊದಲು ಮುಳ್ಳು ಚುಚ್ಚಿದ ಹಾಗಾಗಿತ್ತು. ಆಮೇಲೆ ಅದರಲ್ಲೂ ಒಂದು ಬಗೆಯ ಜಂಬ ಬಂತು. ಏನಿಲ್ಲದಿದ್ದರೂ ಒಂದು ಹೆಸರಾದರೂ ಆಯಿತಲ್ಲ.

ಯೂನಿವರ್ಸಿಟಿಯಲ್ಲಿ ಅವನು ಓದಿದ್ದು ಕಾವ್ಯ. ಕೊನೆಯ ವರ್ಷ ಚಿನ್ನದ ಪದಕ ಒಂದು ಕೂದಲೆಳೆಯಲ್ಲಿ ತಪ್ಪಿತ್ತು. ಆಮೇಲೆ ಹೊಟ್ಟೆಪಾಡಿಗೆಂದು ಒಂದು ಸಂಜೆ ಕಾಲೇಜಿಗೆ ಸೇರಿಕೊಂಡಾಗ, ಅಲ್ಲಿನ ಮುಖ್ಯಸ್ಥರು ಅವನ ಸರ್ಟಿಫಿಕೇಟನ್ನು ತಿರುವಿ ಹಾಕಿ, "ಇದೆಲ್ಲಾ ಚೆನ್ನಾಗಿದೆ. ಹಡಗಿನ ಇಂಗ್ಲಿಷ್ ಬರುತ್ತಾ?" ಎಂದಿದ್ದರು. ಬರುತ್ತೆ ಅಂದುಬಿಟ್ಟ. ಒಂದು ವಾರ ಕೂತು ಪುಸ್ತಕ ಓದಿ, ಹಡಗಿಗೆ ಬೆಂಕಿ ಬಿದ್ದಾಗ ರೇಡಿಯೋದಲ್ಲಿ ಯಾವ ಮಾತು ಮೊದಲು ಯಾವುದು ಆಮೇಲೆ ಎಂದು ದಾಂಡಿಗ ಹುಡುಗರಿಗೆ ಕಲಿಸಿದ. ಅವನೋ ದೋಣಿಯನ್ನೂ ಹತ್ತಿದವನಲ್ಲ. ಅಲ್ಲಿಂದ ಕೋರ್ಟಿನ ಗುಮಾಸ್ತರಿಗೆ ಕರಾರಿನ ಇಂಗ್ಲಿಷ್, ಹೋಟೆಲಿನವರಿಗೆ ಕ್ಷಮೆ ಕೇಳುವ ಇಂಗ್ಲಿಷ್, ಡಾಕ್ಟರುಗಳಿಗೆ ಕೆಟ್ಟ ಸುದ್ದಿ ಹೇಳುವ ಇಂಗ್ಲಿಷ್, ಈಗ ಈ ನರ್ಸುಗಳದ್ದು. ಪ್ರತಿ ಕಸುಬಿಗೂ ಒಂದು ಹಿಡಿ ಮಾತು, ಒಂದಿಷ್ಟು ಸಿದ್ಧ ವಾಕ್ಯ. ಒಂದರ ಬಾಗಿಲು ಮುಚ್ಚಿದರೆ ಇನ್ನೊಂದರ ಬಾಗಿಲು. ಹೆಂಡತಿಯ ತಮ್ಮ, ಕಟ್ಟಡದ ಕಂಟ್ರಾಕ್ಟರು, ಊಟಕ್ಕೆ ಕೂತಾಗಲೆಲ್ಲ ನಾಲ್ಕು ಜನರ ಮುಂದೆ ತೆಗೆಯುತ್ತಿದ್ದ: "ನಮ್ಮ ಭಾವ ಬಿಡಿ, ಎಲ್ಲಾ ಕೆಲಸಾನೂ ಬಲ್ಲರು. ಬಾಯಲ್ಲಿ ಮಾತ್ರ." ಎಲ್ಲರ ಜೊತೆ ಇವನೂ ನಗುತ್ತಿದ್ದ.

ಪರದೆಯ ಆಚೆ ಯಾರೋ ಗಂಟಲು ಸರಿಮಾಡಿಕೊಂಡರು. ಆ ಸದ್ದಿನಲ್ಲೇ ಗೊತ್ತಾಯಿತು, ಮೈಕು. ಅವಳ ದನಿಗೆ ತರಗತಿಯವರಿಟ್ಟ ಹೆಸರು ಅದು. ಒಂದು ವಾರ್ಡಿನಲ್ಲಿ ನಿಂತು ಮಾತಾಡಿದರೆ ಪಕ್ಕದ ವಾರ್ಡಿನ ರೋಗಿ ಉತ್ತರ ಕೊಡಬೇಕು, ಅಂಥ ಗಂಟಲು. ಸಣ್ಣದೊಂದು ನರ್ಸಿಂಗ್ ಹೋಮಿನಲ್ಲಿ ಕೆಲಸ ಮಾಡುತ್ತ, ಪಾಳಿ ಮುಗಿಸಿ ಬಂದು ಹಿಂದಿನ ಬೆಂಚಿನಲ್ಲಿ ಕಣ್ಣು ಉಜ್ಜಿಕೊಳ್ಳುತ್ತ ಕೂರುತ್ತಿದ್ದಳು. ಗಂಡ ಕಡಲಾಚೆ ಒಂದು ದೊಡ್ಡ ಆಸ್ಪತ್ರೆಯ ಲಾಂಡ್ರಿಯಲ್ಲಿದ್ದ. ಅದೇ ಆಸ್ಪತ್ರೆ ನರ್ಸುಗಳನ್ನು ತೆಗೆದುಕೊಳ್ಳುತ್ತಿತ್ತು. ಈ ಪರೀಕ್ಷೆ ಪಾಸಾದರೆ ಇವಳೂ ಹೊರಡಬಹುದು. ಕಲಿಯುವುದರಲ್ಲಿ ಚುರುಕಲ್ಲ, ಆದರೆ ನಾಚಿಕೆಯೂ ಇಲ್ಲ. ನೋವಿನ ಬಗೆಗಳನ್ನು ಅವನು ಬೋರ್ಡಿನ ಮೇಲೆ ಬರೆದ ದಿನ ಅವಳು ಕೂತಲ್ಲಿಂದಲೇ ಕೇಳಿದ್ದಳು: "ಡಲ್ ಪೇನ್ ಅಂದ್ರೆ ಏನ್ ಸಾರ್? ನೋವಿಗೂ ಕಮ್ಮಿ ಮಾರ್ಕ್ಸ್ ಬಂದಿರುತ್ತಾ?" ತರಗತಿಯೆಲ್ಲ ಘೊಳ್ಳೆಂದಿತು. ಅವಳು ಬಿಡಲಿಲ್ಲ. "ಅಲ್ಲ ಸಾರ್, ನಮ್ಮಲ್ಲಿ ಬರೋರು ಚಳುಕು ಅಂತಾರೆ, ಸೆಳೆತ ಅಂತಾರೆ, ಒಳಗಿಂದ ಯಾರೋ ಕಿವುಚಿದಂಗಾಗುತ್ತೆ ಅಂತಾರೆ. ಅದನ್ನೆಲ್ಲಾ ಈ ನಾಕರಲ್ಲಿ ಎಲ್ಲಿಗೆ ಹಾಕೋದು?" "ಯಾವುದಕ್ಕೆ ಹತ್ತಿರವೋ ಅದಕ್ಕೆ ಹಾಕಮ್ಮ," ಅಂದಿದ್ದ ಅವನು. ಅಂದು ಬೋರ್ಡಿನ ಕಡೆ ತಿರುಗಿದ್ದ. ಒಂದು ಕಾಲದಲ್ಲಿ ಇಂಥ ಒಂದೊಂದು ಮಾತನ್ನೂ ನಾಲಿಗೆಯ ಮೇಲಿಟ್ಟುಕೊಂಡು ಚಪ್ಪರಿಸುತ್ತಿದ್ದ ಮನುಷ್ಯ ತಾನೇ ಅಲ್ಲವೇ ಎಂದು ಅನುಮಾನ ಬಂದಿತ್ತು.

ಪರದೆ ಸರಿಯಿತು. ಇಸ್ತ್ರಿ ಮಾಡಿದ ಬಿಳಿ ಕೋಟು, ಎಣ್ಣೆ ಹಚ್ಚಿ ಬಿಗಿದ ಜಡೆ. ಮುಖ ಬಿಳಿಚಿಕೊಂಡಿತ್ತು. "ಗುಡ್ ಮಾರ್ನಿಂಗ್ ಸರ್. ಐ ಯಾಮ್ ಯುವರ್ ನರ್ಸ್ ಟುಡೇ," ಅಂದಳು. ಅವನು ನರಳಿದ. "ವೇರ್ ಈಸ್ ದಿ ಪೇನ್?" ಅಂದಳು. ಎಡಗೈ ಎತ್ತಿ ಹೊಕ್ಕುಳ ಬಲಕ್ಕೆ ತೋರಿಸಿ, ಕೈಯನ್ನು ಹಾಗೇ ಹೊದಿಕೆಯ ಮೇಲೆ ಬಿಟ್ಟ. ಮುಂದಿನ ಪ್ರಶ್ನೆ ಬರಲಿಲ್ಲ. ಮರೆತುಹೋಗಿತ್ತು ಅವಳಿಗೆ, ತುಟಿ ಅಲುಗುತ್ತಿತ್ತು, ಮಾತು ಹೊರಡುತ್ತಿರಲಿಲ್ಲ. ಹೀಗಾದಾಗ ಅವನು ನರಳುವಿಕೆಯ ನಡುವೆಯೇ ಒಂದು ಎಳೆ ಬಿಟ್ಟುಕೊಡುವುದುಂಟು. ತಡೆಯೋಕಾಗ್ತಿಲ್ಲ, ರಾತ್ರಿಯಿಂದ, ಅಂತ ತಾನೇ ಅಂದು ದಾರಿ ತೋರಿಸುವುದುಂಟು. ಅದಕ್ಕೆಂದು ಬಾಯಿ ತೆರೆದವನು ಅವಳ ಕಣ್ಣು ತನ್ನ ಮುಖದ ಮೇಲಿಲ್ಲವೆಂದು ಗಮನಿಸಿದ. ಅದು ಹೊದಿಕೆಯ ಮೇಲಿತ್ತು. ಅಲ್ಲಿ ಅವನ ಎಡಗೈ, ಹೆಬ್ಬೆರಳೂ ತೋರುಬೆರಳೂ ಕಾಣದ ಗುಳಿಗೆಯೊಂದನ್ನು ಹೊಸೆಯುವ ಹಾಗೆ, ತನ್ನ ಪಾಡಿಗೆ ತಾನು ಅಲುಗುತ್ತಿತ್ತು.

ಅವಳು ಬಗ್ಗಿದಳು. ಮೈಕಿನ ದನಿ ಅಷ್ಟು ತಗ್ಗಬಹುದೆಂದು ಅವನಿಗೆ ಗೊತ್ತಿರಲಿಲ್ಲ. "ಸಾರ್, ಈ ಕೈ ಯಾವಾಗಿಂದ ಹೀಗೆ ನಡುಗ್ತಾ ಇದೆ?"

ಮನೆಮಾತಿನಲ್ಲಿ ಕೇಳಿದ್ದಳು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡ ಹಾಗೆ ಅವನ ಬಲಗೈ ತಾನಾಗಿ ಹೋಗಿ ಎಡಗೈಯನ್ನು ಮುಚ್ಚಿತು. "ಸ್ಟಮಕ್. ಮೈ ಸ್ಟಮಕ್," ಅಂದ.

"ಅದಲ್ಲ ಸಾರ್, ನೀವು ಸುಮ್ನೆ ಇಟ್ಕೊಂಡಾಗ್ಲೂ ಆಡ್ತಾನೇ ಇದೆ. ಮನೇಲಿ ಯಾರಾದ್ರೂ ನೋಡಿದಾರಾ?"

"ಮೈ ಸ್ಟಮಕ್ ಈಸ್ ಪೇಯ್ನಿಂಗ್ ಸಿಸ್ಟರ್," ಅಂದ ಅವನು. ಪೇಯ್ನಿಂಗ್ ಅನ್ನಬಾರದೆಂದು ಅವನೇ ಎಷ್ಟೋ ಸಲ ಬೋರ್ಡಿನ ಮೇಲೆ ಕೆಂಪು ಸೀಮೆಸುಣ್ಣದಲ್ಲಿ ಹೊಡೆದು ಹಾಕಿದ್ದ. ಗಂಟೆ ಬಾರಿಸಿತು.

ಎದ್ದು ಕೂತು, ಕಾಲು ನೆಲಕ್ಕೆ ಬಿಟ್ಟು ಅಂಕಪಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡ. ಬರೆಯಬೇಕಾದದ್ದು ಸ್ಪಷ್ಟವಾಗಿತ್ತು: ಅಭ್ಯರ್ಥಿ ಪರೀಕ್ಷೆಯ ಭಾಷೆಯನ್ನು ಬಿಟ್ಟರು, ರೋಗಿಯ ಮುಖ್ಯ ತೊಂದರೆಯನ್ನು ವಿಚಾರಿಸಲಿಲ್ಲ, ಅಪ್ರಸ್ತುತ ಪ್ರಶ್ನೆ ಕೇಳಿದರು. ಒಂದಕ್ಷರವೂ ಸುಳ್ಳಲ್ಲ. ರೆಕಾರ್ಡರಿನಲ್ಲಿ ಎಲ್ಲ ಇತ್ತು, ರೆಕಾರ್ಡರಿಗೆ ಕಣ್ಣಿರಲಿಲ್ಲ. ಹೋದ ತಂಡದಲ್ಲಿ ಒಬ್ಬಳು ಗಾಬರಿಯಾಗಿ ಮನೆಮಾತಿನಲ್ಲಿ ಅಯ್ಯೋ ದೇವರೇ ಅಂದಾಗ ಅವನು ಇಂಗ್ಲಿಷಲ್ಲಿ ಹೇಳಮ್ಮ ಎಂದು ಪಿಸುಗುಟ್ಟಿ ನಡೆಸಿಕೊಟ್ಟಿದ್ದ. ಇನ್ನೊಬ್ಬಳು ಅತ್ತೇಬಿಟ್ಟಾಗ ನೀರು ಕುಡಿಸಿ ಮತ್ತೆ ಶುರುವಿನಿಂದ ಕೇಳಿಸಿದ್ದ. ಇವಳಿಗೆ ಮಾತ್ರ ಏಕೆ ಹಾಗೆ ಮಾಡಲಿಲ್ಲ ಎಂಬುದನ್ನು ಯೋಚಿಸದಿರಲು ಪೆನ್ನನ್ನು ಬಿಗಿಯಾಗಿ ಹಿಡಿದು ಅನುತ್ತೀರ್ಣ ಎಂದು ಬರೆದ. ಬರೆದದ್ದು ಇರುವೆಸಾಲಿನ ಹಾಗೆ ಸಣ್ಣಗಾಗುತ್ತ ಹೋಗಿ ಕೊನೆಯ ಅಕ್ಷರ ಬರೀ ಚುಕ್ಕಿಯಾಗಿತ್ತು.

ಫಲಿತಾಂಶ ಹಚ್ಚಿದ ದಿನ ಅವಳು ಸ್ಟಾಫ್ ರೂಮಿನ ಬಾಗಿಲಿಗೆ ಬಂದಳು. ಜಗಳಕ್ಕೆ ಬಂದಿದ್ದಾಳೆಂದುಕೊಂಡು ಅವನು ಕೈಯನ್ನು ಮೇಜಿನ ಕೆಳಗೆ ತೊಡೆಗಳ ನಡುವೆ ಇಟ್ಟುಕೊಂಡ. "ಸಾರ್, ಎಲ್ಲಿ ತಪ್ಪಾಯ್ತು ಅಂತ ಹೇಳ್ತೀರಾ? ಮುಂದಿನ ಸಲಕ್ಕೆ," ಅಂದಳು. "ಮುಖ್ಯ ತೊಂದರೆಯನ್ನೇ ಬಿಟ್ಟುಬಿಟ್ಟೆಯಲ್ಲಮ್ಮ," ಅಂದ. ಅವಳು ತಲೆಯಾಡಿಸಿದಳು. "ಹೌದು ಸಾರ್. ಮರ್ತೇ ಹೋಯ್ತು. ಎಲ್ಲಾ ಬಾಯಿಪಾಠ ಆಗಿತ್ತು, ಒಳಗೆ ಬಂದ ತಕ್ಷಣ ಮರ್ತೋಯ್ತು." ಇಷ್ಟೇ. ಒಪ್ಪಿಕೊಂಡುಬಿಟ್ಟಳು. ಅವಳು ಕೂಗಾಡಿದ್ದರೆ ಅವನಿಗೆ ಎಷ್ಟೋ ಹಾಯೆನಿಸುತ್ತಿತ್ತು. ಅವಳು ಹೋದ ಮೇಲೆ ಎದುರಿನ ಮೇಜಿನ ಲೆಕ್ಕದ ಮೇಷ್ಟ್ರು, "ಪಾಪ, ಗಂಡ ಅಲ್ಲಿದ್ದಾನಂತೆ," ಅಂದರು. "ರೂಲ್ಸು ರೂಲ್ಸೇ," ಅಂದ ಇವನು. ಜೋರಾಗಿಯೇ ಹೇಳಬೇಕೆಂದಿದ್ದ; ದನಿ ಗಂಟಲಿನಲ್ಲೇ ಉಳಿದು, ಲೆಕ್ಕದ ಮೇಷ್ಟ್ರು "ಏನಂದ್ರಿ?" ಎಂದು ಕೇಳಿದರು.

ಅವತ್ತು ಸಂಜೆ ಮನೆಯಲ್ಲಿ ಹೆಂಡತಿ ಕಿಟಕಿಯ ಬಳಿ ಹೊಲಿಗೆ ಯಂತ್ರದ ಮುಂದೆ ಕೂತಿದ್ದಳು. ಯಾರದೋ ಶಾಲೆಯ ಸಮವಸ್ತ್ರ, ನೀಲಿ ಬಟ್ಟೆ ಗುಡ್ಡೆಯಾಗಿ ಬಿದ್ದಿತ್ತು. ಅವನು ಚಪ್ಪಲಿ ಬಿಟ್ಟು ಬಂದು ಅವಳ ಎದುರಿಗಿದ್ದ ಸ್ಟೂಲಿನ ಮೇಲೆ ಕೂತು, ಹವೆಯ ವಿಚಾರ ಕೇಳುವ ಹಾಗೆ ಕೇಳಿದ: "ನನ್ನ ಕೈ ನಡುಗುತ್ತಾ?"

"ಎಡಗೈ," ಅಂದಳು ಅವಳು. ಯಂತ್ರ ನಿಲ್ಲಲಿಲ್ಲ.

"ಯಾವಾಗಿಂದ?"

"ನೀವು ಕೊಡೆ ಬಿಡಿಸೋಕೆ ನನ್ನ ಕೈಗೆ ಕೊಡೋಕೆ ಶುರು ಮಾಡಿದ್ರಲ್ಲ, ಅದಕ್ಕೂ ಮುಂಚಿಂದ."

"ಹೇಳೋದಲ್ವಾ?"

ಅವಳು ದಾರವನ್ನು ಹಲ್ಲಲ್ಲಿ ಕಚ್ಚಿ ತುಂಡರಿಸಿದಳು. "ಹೇಳಿದ್ರೆ ಏನ್ಮಾಡ್ತಿದ್ರಿ? ಇಂಗ್ಲಿಷಲ್ಲಿ ಬಯ್ತಿದ್ರಿ. ನನಗೆ ಅರ್ಥ ಆಗ್ತಿರಲಿಲ್ಲ, ನಿಮಗೂ ಸಮಾಧಾನ ಆಗ್ತಿರಲಿಲ್ಲ."

ಅವನಿಗೆ ನಗು ಬಂತು, ಆದರೆ ಮುಖ ನಗಲಿಲ್ಲ. ಇತ್ತೀಚೆಗೆ ಅದೂ ಹಾಗೆ. ಒಳಗೆ ನಕ್ಕದ್ದು ಮುಖದವರೆಗೆ ಬಂದು ತಲುಪುತ್ತಿರಲಿಲ್ಲ. ಮರುದಿನ ಬೆಳಗ್ಗೆ ಅಂಗಿ ತೊಡುವಾಗ ಅವನು ಮೊದಲ ಸಲ ನಿಂತು ನೋಡಿದ. ಗುಂಡಿಗಳೆಲ್ಲ ಹೊರಗೆ ಕಾಣುವ ಹಾಗೆ ಮುಂಪಟ್ಟಿಯ ಮೇಲೇ ಹೊಲಿದುಬಿಟ್ಟಿದ್ದವು. ಕಾಜದೊಳಗೆ ತೂರಿಸಬೇಕಾದದ್ದು ಒಂದೂ ಇರಲಿಲ್ಲ. ಪಟ್ಟಿಯ ಒಳಮೈಗೆ ಟಿಚ್ ಬಟನ್‌ಗಳು. ಒತ್ತಿದರೆ ಟಿಚ್ ಎಂದು ಕೂತುಕೊಳ್ಳುತ್ತಿದ್ದವು. ಬೀರು ತೆಗೆದು ಉಳಿದ ಅಂಗಿಗಳನ್ನು ತಿರುವಿದ. ಎಲ್ಲವೂ ಹಾಗೇ. ತನಗೆ ಗೊತ್ತಾಗದ ಹಾಗೆ ಯಾವಾಗಲೋ ಒಂದೊಂದೇ ಅಂಗಿಯನ್ನು ಬಿಚ್ಚಿ ಹೊಲಿದಿದ್ದಳು. ಈಚೆಗೆ ಬೇಗ ತಯಾರಾಗುತ್ತಿದ್ದೇನೆ ಎಂದು ತಾನು ಬೀಗಿದ್ದು ನೆನಪಾಗಿ, ಬೀರುವಿನ ಬಾಗಿಲಿನ ಮರೆಯಲ್ಲಿ ಅವನ ಕಿವಿ ಬಿಸಿಯಾಯಿತು. ಪ್ರೀತಿಗೆ ಕರಗಬೇಕಾದ ಹೊತ್ತಿನಲ್ಲಿ ಅವನಿಗೆ ಬಂದದ್ದು ಸಿಟ್ಟು. ಯಾರ ಮೇಲೆಂದು ಗೊತ್ತಿಲ್ಲದ ಸಿಟ್ಟು. ತಿಂಡಿಯ ತಟ್ಟೆಯನ್ನು ಸರಿಸಿ ಎದ್ದುಹೋದ.

ಡಾಕ್ಟರ ಹತ್ತಿರ ಹೋದದ್ದು ಹೆಂಡತಿಯ ಹಟಕ್ಕೆ. ಗುಂಗುರು ಕೂದಲಿನ ಆ ಹುಡುಗ ಒಂದು ಕಾಲದಲ್ಲಿ ಇವನ ಹತ್ತಿರ ಡಾಕ್ಟರುಗಳ ಇಂಗ್ಲಿಷ್ ಕಲಿತವನು. ಈಗ ನರರೋಗದ ವಿಭಾಗದಲ್ಲಿ ಅವನದೇ ಕೋಣೆ, ಬಾಗಿಲಲ್ಲಿ ಅವನದೇ ಹೆಸರು. ಬೆರಳು ತಟ್ಟಿಸಿದ, ನಡೆಸಿದ, ಮೊಣಕೈ ಮಡಚಿ ಬಿಡಿಸಿ ನೋಡಿದ, ಮೆಲ್ಲನೆ ಬೆನ್ನ ಹಿಂದಿನಿಂದ ಎಳೆದು ಬೀಳುತ್ತಾರೋ ಎಂದು ಪರೀಕ್ಷಿಸಿದ. ಆಮೇಲೆ ತನ್ನ ದೊಡ್ಡ ಕುರ್ಚಿಯನ್ನು ಬಿಟ್ಟು, ಒಂದು ಸ್ಟೂಲನ್ನು ಎಳೆದುಕೊಂಡು ಇವರಿಬ್ಬರ ಎದುರಿಗೆ, ಇವರ ಕಣ್ಣಿನ ಮಟ್ಟಕ್ಕೆ ಬಂದು ಕೂತ. ಅಷ್ಟಕ್ಕೇ ಮೇಷ್ಟ್ರಿಗೆ ತಿಳಿದುಹೋಯಿತು. ಕುರ್ಚಿಯನ್ನು ಹತ್ತಿರಕ್ಕೆ ತರಬೇಕು, ಮೇಜು ಅಡ್ಡ ಇರಬಾರದು, ಮೊದಲು ರೋಗಿಗೆ ಏನು ಗೊತ್ತಿದೆಯೆಂದು ಕೇಳಬೇಕು, ಆಮೇಲೆ ಐ ಯಾಮ್ ಅಫ್ರೇಡ್ ಎಂಬ ಮಾತಿನಿಂದ ಶುರು ಮಾಡಿ ಒಂದು ಉಸಿರಿನ ಹೊತ್ತು ನಿಲ್ಲಬೇಕು. ಆ ಕಪ್ಪು ಬೋರ್ಡು, ಆ ಸಂಜೆಯ ಟ್ಯೂಬ್‌ಲೈಟು, ಮುಂದಿನ ಬೆಂಚಿನಲ್ಲಿ ನೋಟ್ಸ್ ಬರೆದುಕೊಳ್ಳುತ್ತಿದ್ದ ಈ ಗುಂಗುರು ಕೂದಲು.

"ಐ ಯಾಮ್ ಅಫ್ರೇಡ್ ಸರ್," ಅಂದ ಡಾಕ್ಟರು. ಒಂದು ಉಸಿರಿನ ಹೊತ್ತು ನಿಂತ. ಸರಿಯಾಗಿಯೇ ನಿಂತ. ಮುಂದೆ ಇಂಗ್ಲಿಷಿನಲ್ಲಿ ಅವನು ಹೇಳಿದ ವಾಕ್ಯಗಳಲ್ಲಿ ಒಂದು ತಪ್ಪೂ ಇರಲಿಲ್ಲ; ವ್ಯಾಕರಣ, ಒತ್ತು, ತಗ್ಗಿಸಿದ ದನಿ, ಕೊನೆಗೆ ಈ ಸುದ್ದಿ ನಿಮಗೆ ಕಷ್ಟವೆಂದು ಬಲ್ಲೆ ಎಂಬ ಮಾತು. ಇವನು ತಲೆಯಾಡಿಸುತ್ತ ಕೂತಿದ್ದ. ಒಳಗೆ ಯಾರೋ ಅಂಕ ಹಾಕುತ್ತಿದ್ದರು. ಪಕ್ಕದಲ್ಲಿ ಹೆಂಡತಿ ಒಬ್ಬರ ಬಾಯಿಂದ ಇನ್ನೊಬ್ಬರ ಬಾಯಿಗೆ ನೋಡುತ್ತ, ಸೆರಗಿನ ಅಂಚನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದಳು.

"ಇವಳಿಗೂ ತಿಳಿಯೋ ಹಾಗೆ ನಮ್ಮ ಮಾತಲ್ಲಿ ಹೇಳಪ್ಪ," ಅಂದ ಅವನು.

ಡಾಕ್ಟರು ನಕ್ಕ. ಆಮೇಲೆ ನಗು ನಿಂತಿತು. "ಅದು... ಅಮ್ಮಾ, ಮೆದುಳಲ್ಲಿ ಒಂದು ಕೆಮಿಕಲ್ ಇರುತ್ತೆ. ಅದು ಲೋ ಆಗಿದೆ. ಅಂದ್ರೆ ಕಮ್ಮಿ. ಅದರಿಂದ ಮೂವ್‌ಮೆಂಟು ಸ್ಲೋ ಆಗುತ್ತೆ. ಇದು ಪ್ರೋಗ್ರೆಸಿವ್... ಅಂದ್ರೆ..." ಹುಡುಗನ ಹಣೆಯಲ್ಲಿ ಗೆರೆ ಮೂಡಿತು, ಮಾತಿಗಾಗಿ ತಡಕಾಡುವಾಗ ಮುಂದಿನ ಬೆಂಚಿನಲ್ಲಿ ಕೂತಿದ್ದ ಮುಖವೇ ಅದು. "ಅಂದ್ರೆ, ಹೋಗ್ತಾ ಹೋಗ್ತಾ ಪ್ರಗತಿ ಆಗುತ್ತೆ ಅಮ್ಮಾ."

ಹೆಂಡತಿಯ ಬೆರಳಿನಿಂದ ಸೆರಗು ಸಡಿಲವಾಯಿತು. ಅವನ ಕಡೆ ತಿರುಗಿದಳು. ಎಷ್ಟೋ ದಿನದ ಮೇಲೆ ಅವಳ ಮುಖ ಬೆಳಗಿತ್ತು. "ಪ್ರಗತಿ ಅಂದ್ರೆ ಒಳ್ಳೇದೇ ಅಲ್ವೇನ್ರೀ?"

ಡಾಕ್ಟರಿಗೆ ತನ್ನಿಂದ ಏನೋ ಆಯಿತೆಂದು ಗೊತ್ತಾಗಿ, ಏನೆಂದು ತಿಳಿಯದೆ ಮೇಷ್ಟ್ರ ಮುಖ ನೋಡಿದ. ಈಗ ಹೇಳಬೇಕಾದವನು ಇವನೇ ಆಗಿದ್ದ. ಕುರ್ಚಿಯನ್ನು ಹತ್ತಿರಕ್ಕೆ ಎಳೆಯಲಿಲ್ಲ, ಒಂದು ಉಸಿರಿನ ಹೊತ್ತೂ ನಿಲ್ಲಲಿಲ್ಲ. "ಹೆಚ್ಚಾಗ್ತಾ ಹೋಗುತ್ತೆ ಅಂತ ಕಣೇ," ಅಂದ. "ವಾಸಿ ಆಗೋದಲ್ಲ. ಮಾತ್ರೆ ತಗೊಂಡ್ರೆ ನಿಧಾನವಾಗಿ ಹೆಚ್ಚಾಗುತ್ತೆ." ಎಷ್ಟೋ ತಂಡಗಳಿಗೆ ಕಲಿಸಿದ್ದ ಪಾಠ, ಮನೆಮಾತಿನಲ್ಲಿ ಅದು ಬರೀ ಮೂರು ವಾಕ್ಯ. ಅವಳ ಮುಖದಲ್ಲಿನ ಬೆಳಕು ಒಮ್ಮೆಗೇ ಆರಲಿಲ್ಲ. ಹೋಗಲು ಜಾಗ ಕಾಣದ ಹಾಗೆ ಸ್ವಲ್ಪ ಹೊತ್ತು ಅಲ್ಲೇ ನಿಂತಿತ್ತು. ಅದನ್ನು ನೋಡಬೇಕಾಗಿ ಬಂದದ್ದಕ್ಕೆ ಅವನು ಗುಂಗುರು ಕೂದಲಿನವನನ್ನು ಕ್ಷಮಿಸಲಿಲ್ಲ. ತನ್ನನ್ನಂತೂ ಮೊದಲೇ ಕ್ಷಮಿಸಿರಲಿಲ್ಲ.

ಕಾಯಿಲೆಯ ಸುದ್ದಿ ಪ್ರಿನ್ಸಿಪಾಲರ ಕಿವಿಗೂ ಬಿತ್ತು. ಕರೆಸಿದರು. ಒಳ್ಳೆಯ ಹೆಂಗಸು, ಮಾತಿಗೆ ಮೊದಲು ಎದುರಿನವರಿಗೆ ಟೀ ತರಿಸುವವರು. ಟೀ ಬಂತು. ಅವನು ಕಪ್ಪನ್ನು ಮುಟ್ಟಲಿಲ್ಲ, ಸಾಸರಿನ ಮೇಲೆ ಅದು ಮಾಡುವ ಸದ್ದು ಅವನಿಗೆ ಗೊತ್ತಿತ್ತು.

"ಬೇಜಾರು ಮಾಡ್ಕೋಬೇಡಿ ಸಾರ್. ಇನ್ಮೇಲೆ ಪೇಷೆಂಟ್ ಪಾತ್ರ ನಿಮಗೆ ಬೇಡ ಅಂತ. ನಾಟಕದವರೊಬ್ಬರನ್ನ ಕರೆಸ್ತೀನಿ. ನೀವು ಪಕ್ಕದಲ್ಲಿ ಕೂತು ಅಂಕ ಹಾಕಿ ಸಾಕು."

"ಯಾಕೆ ಮೇಡಂ?"

"ನೋಡಿ, ಪರೀಕ್ಷೆ ಅಂದ್ರೆ ಎಲ್ಲರಿಗೂ ರೋಗಿ ಒಂದೇ ಥರ ಇರಬೇಕು. ಹೊಟ್ಟೆನೋವು ಅಂತ ಮಲಗಿರೋರ ಕೈ ನಡುಗ್ತಿದ್ರೆ ಹುಡುಗಿಯರಿಗೆ ಗಲಿಬಿಲಿ ಆಗುತ್ತೆ. ಯಾವುದನ್ನ ಕೇಳಬೇಕು ಅಂತ ಗೊತ್ತಾಗಲ್ಲ."

ನಿಜವಾದ ರೋಗ ಇದ್ದವನು ರೋಗಿಯಾಗಲು ಲಾಯಕ್ಕಲ್ಲ. ಇಷ್ಟು ಹೊತ್ತಿಗೆ ಅವನ ನಾಲಿಗೆ ತುದಿಯಲ್ಲಿ ಒಂದು ಮಾತು ಬಂದು ನಿಂತಿತ್ತು: ಮೇಡಂ, ಒಬ್ಬಳಿಗೆ ಆಗಲೇ ಗಲಿಬಿಲಿ ಆಗಿದೆ, ಅವಳನ್ನು ಫೇಲು ಮಾಡಿದ್ದೇನೆ. ಪಾಸಾದವರ ತಂಡ ಇನ್ನೂ ಕಡಲಾಚೆಗೆ ಹೊರಟಿರಲಿಲ್ಲ. ಆಸ್ಪತ್ರೆಯವರು ಹೆಸರುಗಳನ್ನು ಕಾಯುತ್ತಿದ್ದರು. ಒಂದು ಮಾತು, ಒಂದು ತಿದ್ದುಪಡಿ. ಹೇಳಿದರೆ ಮೇಡಂ ಕೇಳುತ್ತಾರೆ, ಅವತ್ತೇ ಅವಳಿಗೆ ಯಾಕೆ ಇನ್ನೊಂದು ಅವಕಾಶ ಕೊಡಲಿಲ್ಲ ಸಾರ್, ಅಂತ. ಟೀಯ ಮೇಲೆ ಕೆನೆ ಕಟ್ಟುತ್ತಿತ್ತು. "ಸರಿ ಮೇಡಂ," ಅಂದ. ಎದ್ದು ಬಂದ. ಆ ವಾರವೇ ತಂಡ ಹೊರಟಿತು. ಬೀಳ್ಕೊಡುಗೆಗೆ ತೆಗೆದ ಫೋಟೋದಲ್ಲಿ ಹಿಂದಿನ ಸಾಲಿನ ನಡುವೆ ಒಬ್ಬಳು ನಿಲ್ಲುವಷ್ಟು ಜಾಗ ಖಾಲಿ ಇದೆ ಎಂದು ಅವನಿಗೆ ಅನ್ನಿಸಿತು. ಹತ್ತಿರ ಹೋಗಿ ನೋಡಿದ. ಹಾಗೇನೂ ಇರಲಿಲ್ಲ, ಎಲ್ಲರೂ ಒತ್ತಿಕೊಂಡೇ ನಿಂತಿದ್ದರು.

ಮರುಪರೀಕ್ಷೆ ಬಂದದ್ದು ಮಳೆಗಾಲ ಕಳೆದ ಮೇಲೆ. ನಾಟಕದವನು ಗಟ್ಟಿಮುಟ್ಟಾದ ಆಳು, ಕೆನ್ನೆಯಲ್ಲಿ ರಕ್ತ ಚಿಮ್ಮುತ್ತಿತ್ತು. ಬೆಳಗ್ಗೆ ಬಂದವನೇ "ಸಾರ್, ನೀವು ಹೇಗೆ ನರಳ್ತಿದ್ರಿ ಒಂದ್ಸಲ ತೋರಿಸ್ಬಿಡಿ," ಎಂದು ಕೇಳಿದ್ದ. ತೋರಿಸಿದ್ದ. "ಅಷ್ಟು ಸಣ್ಣಗೆ ನರಳಿದ್ರೆ ಹಿಂದಿನ ಸಾಲಿಗೆ ಕೇಳ್ಸಲ್ಲ ಸಾರ್," ಎಂದು ನಾಟಕದವನು ತನ್ನದೇ ಒಂದು ಆರ್ಭಟ ಕಟ್ಟಿಕೊಂಡ. ಈಗ ಅವನು ಮಂಚದ ಮೇಲೆ ಮುಲುಗುಟ್ಟುತ್ತ ಹೊರಳಾಡುತ್ತಿದ್ದ; ಇವನು ಗೋಡೆ ಬದಿಯ ಕುರ್ಚಿಯಲ್ಲಿ, ಎಡಗೈಯನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು, ತೊಡೆಯ ಮೇಲೆ ಅಂಕಪಟ್ಟಿ ಇಟ್ಟುಕೊಂಡು ಕೂತಿದ್ದ.

ಮೈಕು ಬಂದಳು. ಮೊದಲು ಅವಳೆಂದು ಗುರುತಾಗಲಿಲ್ಲ, ದನಿ ಬದಲಾಗಿತ್ತು. ಲಿಫ್ಟಿನೊಳಗೆ ಮಹಡಿ ಹೇಳುವ ದನಿಯ ಹಾಗೆ ನುಣ್ಣಗೆ, ಒಂದೇ ಮಟ್ಟದಲ್ಲಿ, ಎಲ್ಲಿಯೂ ಎಡವದೆ ಹರಿಯಿತು. ಎಲ್ಲಿ ನೋವು, ಯಾವಾಗಿನಿಂದ, ಶಾರ್ಪೋ ಡಲ್ಲೋ, ಒಂದರಿಂದ ಹತ್ತರಲ್ಲಿ ಎಷ್ಟು. ನಾಟಕದವನು ಕೊಟ್ಟ ಪ್ರತಿ ಉತ್ತರಕ್ಕೂ "ಐ ಅಂಡರ್‌ಸ್ಟ್ಯಾಂಡ್" ಅಂದಳು. ಅವಳ ಕಣ್ಣು ರೋಗಿಯ ಹಣೆಗಿಂತ ಸ್ವಲ್ಪ ಮೇಲೆ, ದಿಂಬಿನ ಹಿಂದಿನ ಗೋಡೆಯ ಮೇಲೆ ನೆಟ್ಟಿತ್ತು. ಆ ಗೋಡೆಯ ಮೇಲೆ ವಾಕ್ಯಗಳನ್ನು ಯಾರೋ ಸಾಲಾಗಿ ಬರೆದಿಟ್ಟ ಹಾಗೆ ಓದುತ್ತಿದ್ದಳು. ಒಮ್ಮೆಯೂ ಮಂಚವನ್ನು ನೋಡಲಿಲ್ಲ. ಕುರ್ಚಿಯಲ್ಲಿ ಕೂತವನನ್ನಂತೂ ನೋಡಲೇ ಇಲ್ಲ. ಕಂಕುಳಿನಿಂದ ಕೈ ತೆಗೆದು ಪಟ್ಟಿಯ ಮೇಲೆ ಇಟ್ಟ ಅವನು. ಕಾಗದ ಪಟಪಟ ಸದ್ದು ಮಾಡಿತು. ಅವಳು ತಿರುಗಲಿಲ್ಲ. "ಈಸ್ ದೇರ್ ಎನಿಥಿಂಗ್ ಎಲ್ಸ್ ಯು ವುಡ್ ಲೈಕ್ ಟು ಟೆಲ್ ಮಿ?" ಎಂದು ಗೋಡೆಯನ್ನು ಕೇಳಿದಳು. ನೋ ಸಿಸ್ಟರ್ ಎಂದ ನಾಟಕದವನು. ಗಂಟೆ ಬಾರಿಸಿತು.

ಹುಡುಕಿದರೂ ಒಂದು ತಪ್ಪು ಸಿಗಲಿಲ್ಲ. ಪೂರ್ತಿ ಅಂಕ ಹಾಕಿದ. ತಾನು ಕಲಿಸಿದ್ದು ಇದನ್ನೇ, ಹೀಗೇ ಕಲಿಯಬೇಕೆಂದೇ. ಮುಂದಿನವಳು ಬರುವ ಮೊದಲು ಎದ್ದು ಹೊರಗೆ ಹೋದ. ಮೊಣಕಾಲು ಬಿಗಿದಿತ್ತು, ಮೊದಲ ಹೆಜ್ಜೆ ನೆಲಕ್ಕೆ ಅಂಟಿಕೊಂಡು ಏಳಲೊಲ್ಲದು. ಅವಳು ಕಾರಿಡಾರಿನ ಕೊನೆಯಲ್ಲಿ ಬೆಂಚಿನ ಮೇಲೆ ಕೂತು ಬಿಳಿ ಕೋಟನ್ನು ಮಡಚಿ ಚೀಲಕ್ಕೆ ತುಂಬುತ್ತಿದ್ದಳು. ಅವನನ್ನು ನೋಡಿ ಎದ್ದು ನಿಂತಳು.

"ಚೆನ್ನಾಗಿ ಮಾಡಿದೆಯಮ್ಮ. ಪಾಸು."

"ಥ್ಯಾಂಕ್ಸ್ ಸಾರ್."

"ಹಾಗಾದ್ರೆ ಇನ್ನೇನು, ಯಜಮಾನರ ಹತ್ತಿರ ಹೋಗಬಹುದು."

"ಆ ಆಸ್ಪತ್ರೆಯಲ್ಲಿ ಜಾಗ ತುಂಬಿದೆ ಸಾರ್. ಈಗ ಬೇರೆ ದೇಶಕ್ಕೆ ತಗೋತಿದಾರೆ. ಅವರಿರೋದು ಒಂದು ಕಡೆ, ನಾನು ಒಂದು ಕಡೆ." ಫೈಲಿನಲ್ಲಿದ್ದುದನ್ನು ಓದಿ ಹೇಳಿದ ಹಾಗೆ ಹೇಳಿದಳು. "ಎಲ್ಲಾದ್ರೂ ಸರಿ ಅಂತ ಒಪ್ಕೊಂಡೆ."

ಅವನು ಬೆಂಚಿನ ತುದಿಯಲ್ಲಿ ಕೂತ. ಅವಳು ಕೂರಲಿಲ್ಲ. ಎಡಗೈಯನ್ನು ಮಂಡಿಯ ಮೇಲೆ ಬಿಟ್ಟ. ಅದು ತನ್ನ ಗುಳಿಗೆ ಹೊಸೆಯತೊಡಗಿತು. "ಅವತ್ತು ನೀನೊಂದು ಪ್ರಶ್ನೆ ಕೇಳಿದ್ದೆ. ನಾನು ಉತ್ತರ ಕೊಡಲಿಲ್ಲ. ಎರಡು ವರ್ಷ ಆಯಿತು ಇದು ಶುರುವಾಗಿ. ಮೊದಲು ಈ ಹೆಬ್ಬೆರಳು. ಆಮೇಲೆ..." ದನಿ ಕೆಳಗಿಳಿಯುತ್ತಿತ್ತು. ಎತ್ತಲು ನೋಡಿದ. "ನೀನು ಕೇಳಿದ್ದು ಸರಿಯಾಗಿತ್ತು. ನಾನು ಫೇಲು ಮಾಡಿದ್ದು ಇಂಗ್ಲಿಷಿಗಲ್ಲ. ನೀನು ಅದನ್ನ ನೋಡಿಬಿಟ್ಟೆ ಅಂತ."

"ಗೊತ್ತು ಸಾರ್."

ಅವನು ತಲೆಯೆತ್ತಿದ. "ಗೊತ್ತಿತ್ತಾ? ಹಾಗಾದ್ರೆ ಮೇಡಂಗೆ ದೂರು ಕೊಡಬಹುದಿತ್ತಲ್ಲ?"

"ಆಫೀಸಲ್ಲಿ ಕೇಳಿದೆ ಸಾರ್. ದೂರನ್ನ ಇಂಗ್ಲಿಷಲ್ಲಿ ಬರ್ದು ಕೊಡ್ಬೇಕು ಅಂದ್ರು."

ಕೊಂಕಿರಲಿಲ್ಲ ಆ ಮಾತಿನಲ್ಲಿ. ಇದ್ದಿದ್ದರೆ ಅವನು ಹೇಗೋ ಎದುರಿಸುತ್ತಿದ್ದ. ಕ್ಷಮಿಸು ಎಂಬ ಮಾತು ಬಾಯಿಗೆ ಬಂತು. ಬಂದದ್ದು ಇಂಗ್ಲಿಷಿನಲ್ಲಿ, ಹೋಟೆಲಿನವರಿಗೆ ಅವನು ಕಲಿಸಿದ ಸಾಲು, ಆದ ಅನನುಕೂಲಕ್ಕೆ ವಿಷಾದಿಸುತ್ತೇವೆ ಎಂಬಂಥದ್ದು. ಅದನ್ನು ನುಂಗಿಕೊಂಡ. ಮನೆಮಾತಿನದು ಸಿಗುವಷ್ಟರಲ್ಲಿ ಅವಳು ಚೀಲವನ್ನು ಹೆಗಲಿಗೆ ಹಾಕಿಕೊಂಡಿದ್ದಳು.

"ಮಾತ್ರೆ ಹೊತ್ತಿಗೆ ಸರಿಯಾಗಿ ತಗೊಳ್ಳಿ ಸಾರ್. ನನಗೆ ಬಸ್ಸಿದೆ," ಅಂದಳು.

ಅವಳು ಹೊರಬಾಗಿಲು ದಾಟಿ ಗೇಟಿನ ಕಡೆಗಿನ ಇಳಿಜಾರಿನಲ್ಲಿ ನಡೆದುಹೋದಳು. ಬೆನ್ನ ಮೇಲೆ ಚೀಲ ಕುಣಿಯುತ್ತಿತ್ತು. ಎರಡು ಕೈಗಳೂ ಬೀಸಿ ಬೀಸಿ ಹೋಗುತ್ತಿದ್ದವು, ಒಂದು ಮುಂದೆ, ಒಂದು ಹಿಂದೆ. ಒಳಗೆ ನಾಟಕದವನು ಮುಂದಿನವಳಿಗಾಗಿ ಆರ್ಭಟಿಸತೊಡಗಿದ್ದ. ಪ್ಯೂನು ಬಾಗಿಲಲ್ಲಿ ತಲೆ ಹಾಕಿ, "ಸಾರ್, ಕ್ಯಾಂಡಿಡೇಟ್ ಬಂದಾಯ್ತು," ಅಂದ. ಕೇಳಿಸಲಿಲ್ಲವೆಂಬಂತೆ ಅವನು ಎದ್ದು, ಅಂಕಪಟ್ಟಿಯನ್ನು ಬೆಂಚಿನ ಮೇಲೇ ಬಿಟ್ಟು, ಹೊರಗೆ ಬಿಸಿಲಿಗೆ ಬಂದ. ಇಳಿಜಾರಿನಲ್ಲಿ ಅವನ ನೆರಳು ಪಕ್ಕದಲ್ಲೇ ಬರುತ್ತಿತ್ತು. ಅದರ ಬಲಗೈ ಆಡುತ್ತಿತ್ತು; ಎಡಗೈ ಯಾರದೋ ಚೀಲ ಹೊತ್ತ ಹಾಗೆ ಪಕ್ಕೆಗೆ ಅಂಟಿ ನೇತಾಡುತ್ತಿತ್ತು. ಎಷ್ಟು ದಿನದಿಂದ ಹೀಗೆ ನಡೆಯುತ್ತಿದ್ದೇನೋ. ನಿಂತು, ಎಡಗೈಯನ್ನು ಮುಂದಕ್ಕೆ ಎಸೆದು ನೋಡಿದ. ಅದು ಎಡಗಾಲಿನ ಜೊತೆಗೇ ಹೊರಟಿತು. ತಿದ್ದಿಕೊಂಡ. ಬಲಗಾಲು, ಎಡಗೈ. ಎಡಗಾಲು, ಬಲಗೈ. ಒಂದು ಹೆಜ್ಜೆ ಯೋಚಿಸುವುದನ್ನು ಬಿಟ್ಟರೆ ಕೈ ಮತ್ತೆ ಪಕ್ಕೆಗೆ ಬಂದು ಅಂಟುತ್ತಿತ್ತು. ಗೇಟಿನ ಕಾವಲುಗಾರ ಬೀಡಿ ಬಾಯಿಂದ ತೆಗೆದು, "ಏನ್ ಮೇಷ್ಟ್ರೇ, ಪರೇಡಾ?" ಅಂದ. ಜೊತೆಗಿದ್ದ ಡ್ರೈವರು ನಕ್ಕ. ಅವನೂ ನಗಲು ನೋಡಿದ, ಮುಖ ಏಳಲಿಲ್ಲ. ಬೀದಿಯ ತುದಿಯಲ್ಲಿ ಅವಳ ಬಸ್ಸು ಆಗಲೇ ಬಾಗಿಲು ಮುಚ್ಚಿಕೊಂಡು ಹೊರಟಿತ್ತು. ಅವನು ನಿಲ್ಲಲಿಲ್ಲ. ಅವರು ನೋಡುತ್ತಿದ್ದ ಹಾಗೇ, ಕೈ ಬೀಸುವುದನ್ನು ಒಂದೊಂದು ಹೆಜ್ಜೆಗೂ ಹೊಸದಾಗಿ ಕಲಿಯುತ್ತ, ತಪ್ಪುತ್ತ, ಮತ್ತೆ ಮೊದಲಿನಿಂದ ಎತ್ತಿಕೊಳ್ಳುತ್ತ ರಸ್ತೆಗೆ ಇಳಿದ.